ಹಾಲು ಚೆಲ್ಲುವ ಹೆಜ್ಜೆ

ಬೆಸುಗೆಯ ರಾಳದ ಹೊಗೆ ಮೂಗಿಗೆ ಬಡಿದರೆ ಇಂದಿಗೂ ನಮ್ಮೂರು ಹೆಮ್ಮಿಗೆಯ ಆ ಸಂಜೆ ನೆನಪಾಗುತ್ತದೆ. ನಾನೇ ತಾಮ್ರದ ತಂತಿ ಸುತ್ತಿ ಕಟ್ಟಿದ್ದ ರೇಡಿಯೊ ಸೊಲ್ಲೆತ್ತಿರಲಿಲ್ಲ. ಸಿಟ್ಟಿನಲ್ಲೇ ಅಜ್ಜಿಯ ಜೊತೆ ಡೈರಿಗೆ ಹಾಲು ಹಿಡಿದು ಹೊರಟೆ. ಬಕೆಟ್ ತುಳುಕಿ ಲಂಗ ಒದ್ದೆಯಾಯಿತು.

“ಆಲು ತೂಗೋ ತಾಳಕ್ಕೇ ನೀನೂ ಎಜ್ಜೆ ಆಕ್ತಿದ್ದೀಯ ಕಣವ್ವ, ಅದ್ಕೇ ಚೆಲ್ತದೆ. ಎಜ್ಜೆ ಬದ್ಲಾಯ್ಸು,” ಎಂದಳು ಅಜ್ಜಿ.

ಬದಲಾಯಿಸಿದೆ. ಹಾಲು ಸುಮ್ಮನಾಯಿತು, ನಾನು ಆಗಲಿಲ್ಲ.

“ಅಜ್ಜಿ, ನನ್ನ ರೇಡಿಯೊಗೆ ಆ ಚೆಲ್ಲೋ ಎಜ್ಜೆನೇ ಬೇಕು!”

ಹಾಲು ಅಳೆದುಕೊಟ್ಟು ಮನೆಗೆ ಓಡಿದೆ. ರೇಡಿಯೊ ಅಲೆಯ ತಾಳಕ್ಕೆ ಸುರುಳಿಯ ತಾಳ ಕೂಡಲೆಂದು ತಂತಿಯನ್ನು ಒಂದೊಂದೇ ಸುತ್ತು ಬಿಚ್ಚಿದೆ, ಬೆಸೆದೆ, ಕಿವಿಗೊಟ್ಟೆ. ಬೆರಳು ಸುಟ್ಟರೂ ಬಿಡಲಿಲ್ಲ. ಹನ್ನೊಂದನೆಯ ಸುತ್ತು ಬಿಚ್ಚಿದಾಗ ವಾರ್ತೆ ಓದುವ ದನಿ ಬಂತು. ಇಯರ್‌ಫೋನನ್ನು ಅಜ್ಜಿಯ ಕಿವಿಗಿಟ್ಟೆ.

ಅವಳು ತುಸು ಹೊತ್ತು ಆಲಿಸಿದಳು.

“ಊಂ ಕಣವ್ವ, ಚೆಲ್ತು.”