ಎರಡು ಸೀಟಿ

"ರೀ, ನಿಲ್ಸಿ! ನಿಲ್ಸಿ ಅಂದೆ!"

ಅವಳು ಗಂಟಲು ಹರಿಯುವಂತೆ ಕೂಗುವುದಕ್ಕೂ ಜೀಪು ಹಿಂದಕ್ಕೆ ತಳ್ಳುತ್ತಿದ್ದ ಟ್ರೇಲರ್ ಮನೆಯ ಹಿಂಭಾಗ ಕ್ಯಾಂಪಿನ ನಲ್ಲಿ ಕಂಬಕ್ಕೆ ಢಬ್ಬೆಂದು ಬಡಿಯುವುದಕ್ಕೂ ಸರಿಹೋಯಿತು. ಕೊಂಡು ಇನ್ನೂ ಹೊಸ ವಾಸನೆ ಹೋಗಿಲ್ಲ, ಆಗಲೇ ಎರಡನೆಯ ನೆಗ್ಗು. ಗಂಡ ಮುಂದಿನ ಜೀಪಿನ ಕಿಟಕಿಯಿಂದ ತಲೆ ಹೊರಹಾಕಿ, "ಸ್ವಲ್ಪ ಬಾಯಿ ಬಿಟ್ಟು ಹೇಳಬಾರದಾ?" ಎಂದ. ಜೀವಮಾನವೆಲ್ಲ ಬಸ್ಸು ಓಡಿಸಿ, ಒಂದು ಗೀರು ಬೀಳಿಸದೆ ನಿವೃತ್ತನಾದ ಡ್ರೈವರ್ ಅವನು. ಈಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಬಲಕ್ಕೆ ಓಡುವ ಈ ಬಾಲದ ಜೊತೆ ಹೆಣಗಿ ಬೆವರಿಳಿಸುತ್ತಿದ್ದ. ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು.

ಪಕ್ಕದ ಟ್ರೇಲರಿನ ಮುಂದೆ ಮಡಚುವ ಕುರ್ಚಿಯಲ್ಲಿ ಕೂತಿದ್ದ ಹಿರಿಯ ಹೆಂಗಸು ಚಹದ ಲೋಟ ಹಿಡಿದುಕೊಂಡೇ ಎದ್ದು ಬಂದರು. "ಹೊಸಬರಾ? ಮೊದಲು ಇಬ್ರೂ ಇಳಿದು ಜಾಗ ನೋಡ್ಕೋಬೇಕಮ್ಮ. ಆಮೇಲೆ ನೀವು ಅವರ ಕನ್ನಡೀಲಿ ಅವರ ಮುಖ ಕಾಣೋ ಕಡೆ ನಿಂತ್ಕೊಳ್ಳಿ. ನಿಮಗೆ ಅವರು ಕಾಣಿಸ್ಲಿಲ್ಲ ಅಂದ್ರೆ ಅವರಿಗೂ ನೀವು ಕಾಣಲ್ಲ. ಮತ್ತೆ, ಜೀಪಿನ ಕೊಂಡಿ ಬಿಚ್ಚೋ ಮುಂಚೆ ಚಕ್ರಕ್ಕೆ ಮರದ ತುಂಡು ಕೊಡೋದು ಮರೀಬೇಡಿ. ಮರೆತ್ರೆ ಮನೇನೇ ನಿಮ್ಮನ್ನ ಬಿಟ್ಟು ಹೋಗುತ್ತೆ!"

"ಕಂಡ್ರೆ ಸಾಕಾ? ಇವರಿಗೆ ಕೇಳಿಸ್ಬೇಕಲ್ಲ," ಎಂದಳು ಅವಳು.

"ಎಲ್ಲಿಂದ ಕೇಳಿಸುತ್ತೆ? ಬಸ್ಸಲ್ಲಿ ಹಿಂದಿನಿಂದ ಬರೋ ಮಾತೆಲ್ಲ ಪ್ಯಾಸೆಂಜರ್ ಗಲಾಟೆ ಅಂತ ಕಿವಿಗೆ ಹಾಕ್ಕೊಳ್ತಾನೇ ಇರ್ಲಿಲ್ಲ. ಕಂಡಕ್ಟರ್ ಸೀಟಿ ಒಂದೇ ಲೆಕ್ಕ," ಎಂದು ಗೊಣಗಿದ ಗಂಡ, ಬೀಗದ ಕೈ ಗೊಂಚಲಿನಿಂದ ಒಂದು ಹಳೇ ಸೀಟಿ ಬಿಚ್ಚಿದ. ನಿವೃತ್ತಿಯ ದಿನ ಕಂಡಕ್ಟರ್ ಕಣ್ಣು ತುಂಬಿಕೊಂಡು ಕೈಗಿತ್ತದ್ದು. "ತಗೋ. ಎರಡು ಹೊಡೆದ್ರೆ ಹೊರಡ್ತೀನಿ. ಒಂದು ಉದ್ದಕ್ಕೆ ಹೊಡೆದ್ರೆ ನಿಲ್ತೀನಿ."

ಅವಳು ಸೀಟಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ಆಮೇಲೆ ಎಲ್ಲ ಹೂವೆತ್ತಿದಂತೆ ನಡೆಯಿತು. ಟ್ರೇಲರ್ ತನ್ನ ಜಾಗದಲ್ಲಿ ಹೋಗಿ ನಿಂತಿತು, ಚಕ್ರಗಳಿಗೆ ಮರದ ತುಂಡು ಬಿತ್ತು. ಒಳಗೆ ಮೇಜಿನ ಮೇಲೆ ತಟ್ಟೆಯಲ್ಲಿ ನೀರಿಟ್ಟು, ಅದು ಯಾವ ಕಡೆಗೂ ವಾಲದಷ್ಟು ಮಟ್ಟ ಮಾಡಿದ್ದಾಯಿತು. ಅವಳು ನೆಲಕ್ಕೆ ದಪ್ಪನೆಯ ಹೊದಿಕೆ ಹಾಸಿ ಅಂಗೈಯಲ್ಲಿ ಒತ್ತಿ ನೋಡಿದಳು. ಮರುದಿನ ಮಧ್ಯಾಹ್ನ ಮಗಳು ಮಗುವನ್ನು ಎತ್ತಿಕೊಂಡು ಬರುವವಳಿದ್ದಳು. ಕೊನೆಯ ಸಲ ಅವಳು ಮೊಮ್ಮಗನನ್ನು ನೋಡಿದಾಗ ಅವನಿಗೆ ಕತ್ತೇ ನಿಂತಿರಲಿಲ್ಲ, ಈಗ ಅಂಬೆಗಾಲಿಡುತ್ತಾನಂತೆ. ಹಿಂದಿನ ಕ್ಯಾಂಪಿಗೂ ಮಗಳು ಅಷ್ಟು ದೂರದಿಂದ ಬಂದಿದ್ದಳು. ಅಷ್ಟರಲ್ಲಿ ಗಂಡ ಮನೆಯನ್ನೇ ಎಳೆದುಕೊಂಡು ಹೊರಟುಬಿಟ್ಟಿದ್ದ. ಬರೀ ಟೈರಿನ ಗುರುತು ನೋಡಿಕೊಂಡು ವಾಪಸು ಹೋದ ಮಗಳು, "ಇನ್ನೊಂದ್ಸಲ ಹೀಗಾದ್ರೆ ನಾನು ಬರಲ್ಲಮ್ಮ," ಎಂದು ಫೋನಿನಲ್ಲಿ ಅತ್ತಿದ್ದಳು.

ಆದರೆ ಗಂಡ ಕಾಲಿಗೆ ಚಕ್ರ ಕಟ್ಟಿಕೊಂಡವನು. ಸಂಜೆಯೆಲ್ಲ ಕೂತಲ್ಲಿ ಕೂರಲಿಲ್ಲ. ಇಲ್ಲಿ ನೆರಳು ಸಾಲದು ಎಂದ, ನಲ್ಲಿ ನೀರು ಸಣ್ಣಗೆ ಬರುತ್ತದೆ ಎಂದ, ರಸ್ತೆಯ ಕಡೆಗೆ ನೋಡುತ್ತಲೇ ಉಂಡ.

ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಕೊಂಡಿ ಸಿಕ್ಕಿಸುವ ಸದ್ದಿಗೆ. ಹೊರಗೆ ಓಡಿ ಬಂದರೆ, ಅವನು ಮರದ ತುಂಡುಗಳನ್ನು ಹಿಂದಿನ ಪೆಟ್ಟಿಗೆಗೆ ಹಾಕಿ ಕೈ ಝಾಡಿಸುತ್ತಿದ್ದ.

"ಮುಂದೆ ಕೆರೆ ದಂಡೇಲಿ ಒಳ್ಳೇ ಜಾಗ ಇದೆಯಂತೆ. ಹತ್ತು."

"ಮಗಳು ಬರ್ತಾಳಲ್ರೀ!"

"ಫೋನ್ ಮಾಡು. ಅಲ್ಲಿಗೇ ಬರ್ತಾಳೆ."

"ಹೋದ್ಸಲಾನೂ ಇದನ್ನೇ ಹೇಳಿದ್ರಿ."

"ಹತ್ತು ಹತ್ತು, ಟೈಮಾಯ್ತು!" ಯಾವುದರ ಟೈಮು ಎಂದು ಅವನಿಗೂ ಗೊತ್ತಿರಲಿಲ್ಲ. ಜೀಪು ಹತ್ತಿ ಇಂಜಿನ್ ಶುರು ಮಾಡಿಯೇಬಿಟ್ಟ.

ಅವಳು ಹತ್ತಲಿಲ್ಲ. ಕೂಗಿದರೂ ಅವನಿಗೆ ಅದು ಪ್ಯಾಸೆಂಜರ್ ಗಲಾಟೆ. ಹಿಂದಕ್ಕೆ ನಡೆದು, ಕನ್ನಡಿಯಲ್ಲಿ ಅವನ ಮುಖ ಕಾಣುವ ಕಡೆ ನಿಂತಳು. ಸೀಟಿ ಇನ್ನೂ ಕೊರಳಲ್ಲೇ ಇತ್ತು. ಚಕ್ರ ಉರುಳುತ್ತಿದ್ದಂತೆ, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಒಂದೇ ಒಂದು ಉದ್ದನೆಯ ಸೀಟಿ ಹೊಡೆದಳು.

ಟ್ರೇಲರ್ ಜಗ್ಗಿ ನಿಂತಿತು. ಅವನಿಗೆ ಯೋಚಿಸುವುದಕ್ಕೂ ಪುರುಸೊತ್ತಾಗಿರಲಿಲ್ಲ, ಕಾಲೇ ಬ್ರೇಕು ಒತ್ತಿತ್ತು. ಗೇರಿನ ಮೇಲೆ ಕೈಯಿಟ್ಟುಕೊಂಡು, ಕನ್ನಡಿ ನೋಡುತ್ತಾ, ಅವನು ಎರಡು ಸೀಟಿಗಾಗಿ ಕಾದ. ಅದು ಬರಲಿಲ್ಲ. ಅವಳು ಪೆಟ್ಟಿಗೆಯಿಂದ ಮರದ ತುಂಡು ತೆಗೆದು ಚಕ್ರದ ಮುಂದಿಟ್ಟು, ಕಾಲಿನಿಂದ ಒದ್ದು ಬಿಗಿ ಮಾಡಿದಳು.

"ಏನೇ ಅದು?"

"ಇಂಜಿನ್ ಆಫ್ ಮಾಡಿ, ಡ್ರೈವರ್ ಸಾಹೇಬ್ರೇ," ಎಂದಳು ಅವಳು, ಕೆನ್ನೆ ಒರೆಸಿಕೊಳ್ಳುತ್ತಾ. "ಇನ್ನೂ ಇಬ್ರು ಪ್ಯಾಸೆಂಜರ್ ಬರೋದಿದೆ. ಒಬ್ಬನಿಗೆ ಟಿಕೆಟ್ ಬೇಡ."