ಒಂದನೇ ನಂಬರಿನ ಬಿಸಿ

ಒಂದನೇ ನಂಬರ್ ಇವತ್ತೂ ಬೆಚ್ಚಗಿತ್ತು.

ಶಿವಕುಮಾರಪ್ಪ ಕಂಪ್ಯೂಟರಿನ ಬೆನ್ನಿಗೆ ಅಂಗೈ ಇಟ್ಟು ನೋಡಿದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ. ನಿನ್ನೆ ಸಂಜೆ ಐದಕ್ಕೆ ಇಪ್ಪತ್ತನಾಲ್ಕನ್ನೂ ತಾವೇ ಆರಿಸಿದ್ದರು. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದ್ದರು. ಆದರೂ ಇದೊಂದು ಬೆಳಗಿನವರೆಗೆ ಓಡಿದೆ. ಹದಿನೈದು ದಿನದಿಂದ ಇದೇ ಹಾಡು.

ದುರ್ಗದಲ್ಲಿರುವ ಭೂಗೋಳ ವಿಭಾಗದ ಲ್ಯಾಬಿಗೆ ಹನ್ನೆರಡು ವರ್ಷದಿಂದ ಅವರೇ ಯಜಮಾನರು. ಬೆಳಿಗ್ಗೆ ಯಂತ್ರಗಳನ್ನು ಆನ್ ಮಾಡುವುದು ಅಟೆಂಡರ್ ಹನುಮಂತಪ್ಪನ ಕೆಲಸ. ಸಂಜೆ ಆರಿಸುವುದು ಇವರದು. ಐದರ ಮೇಲೆ ಒಂದೂ ಉರಿಯಕೂಡದು. ನಕ್ಷೆ ಬರೆಯುವ ಸಾಫ್ಟ್‌ವೇರ್ ಇದ್ದದ್ದು ಇಲ್ಲಿ ಮಾತ್ರ. ಮನೆಯ ಲ್ಯಾಪ್‌ಟಾಪಿನಿಂದಲೇ ಲ್ಯಾಬಿನ ಯಂತ್ರಕ್ಕೆ ಸಂಪರ್ಕ ಪಡೆದು, ಅದರ ಎದುರು ಕುಳಿತಂತೆಯೇ ಕೆಲಸ ಮಾಡಲಿ ಎಂದು ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆಲ್ಲ ಪಾಸ್‌ವರ್ಡ್ ಕೊಟ್ಟಿತ್ತು. ಯಂತ್ರವೇ ಆರಿದ್ದರೆ ಪಾಸ್‌ವರ್ಡ್ ಇಟ್ಟುಕೊಂಡು ಏನು ಮಾಡುವುದು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಮಕ್ಕಳು ಗೊಣಗುತ್ತಿದ್ದರು.

ಒಂದನೇ ನಂಬರಿಗೆ ಬರುತ್ತಿದ್ದವರು ಯಾರೆಂಬುದು ಗುಟ್ಟಲ್ಲ. ಯಂತ್ರದ ದಾಖಲೆಯಲ್ಲೇ ಹೆಸರಿತ್ತು: ಗುಲ್ನಾಜ್. ಹೊಸದುರ್ಗದ ಹುಡುಗಿ. ನಾಲ್ಕರ ಬಸ್ಸು ಹಿಡಿದು ಊರು ಸೇರಿ, ಆರೂವರೆಗೆ ಸಂಪರ್ಕ ಪಡೆಯುತ್ತಾಳೆ. ಹಿರೇಗುಂಟನೂರಿನ ಗೆಳತಿ ಸಹನಾ ಫೋನಿನಲ್ಲಿ ಅಂಕಿ ಓದುತ್ತಾಳೆ, ಇವಳು ಹಿರಿಯೂರು ತಾಲ್ಲೂಕಿನ ಬೋರ್‌ವೆಲ್‌ಗಳ ನಕ್ಷೆ ಬರೆಯುತ್ತಾಳೆ. ಇಬ್ಬರದೂ ಒಂದೇ ಪ್ರಾಜೆಕ್ಟ್. ಸಲ್ಲಿಸಲು ಉಳಿದದ್ದು ಒಂದು ವಾರ.

ಇಬ್ಬರನ್ನೂ ಕರೆಸಿ ಕೇಳಿದ್ದಾಯಿತು.

“ಯಾರಮ್ಮ ಇದನ್ನ ಆನ್ ಮಾಡೋದು?”

“ನಾನು ಹೊಸದುರ್ಗದಾಗಿರ್ತೀನಿ ಸರ್,” ಎಂದಳು ಗುಲ್ನಾಜ್. “ಅಲ್ಲಿಂದ ಕೈ ಚಾಚಾಕಾಗುತ್ತಾ? ನಾನು ನೋಡೋ ಹೊತ್ತಿಗೆ ಆನ್ ಆಗಿರ್ತೈತೆ.”

“ಮತ್ಯಾರು?”

“ಯಾರೋ ಪುಣ್ಯಾತ್ಮರು ಸರ್. ಅವ್ರು ಚೆನ್ನಾಗಿರ್ಲಿ ಅಂತ ದಿನಾ ದುವಾ ಮಾಡ್ತೀನಿ.”

ಪಕ್ಕದಲ್ಲಿದ್ದ ಸಹನಾಳಿಗೆ ಅದೇ ಗಳಿಗೆಯಲ್ಲಿ ಕೆಮ್ಮು ಬಂತು.

ಲ್ಯಾಬಿಗೆ ಇದ್ದದ್ದು ಎರಡೇ ಕೀ. ಒಂದು ಇವರದು, ಇನ್ನೊಂದು ಹನುಮಂತಪ್ಪನದು. ಬಾಗೂರಿನ ಹನುಮಂತಪ್ಪ ಗುತ್ತಿಗೆಯ ನೌಕರ, ಮಕ್ಕಳು ಕೇಳಿದರೆ ಇಲ್ಲ ಎನ್ನದ ಮನುಷ್ಯ. ಶಿವಕುಮಾರಪ್ಪನವರಿಗೆ ಅಷ್ಟು ಸಾಕಾಯಿತು.

“ನಾನು ಮುಟ್ಟಿಲ್ಲ ಸರ್, ಆಣೆ ಮಾಡಿ ಹೇಳ್ತೀನಿ,” ಎಂದ ಹನುಮಂತಪ್ಪ. “ಮನೇಲಿ ಮಗಳ ಬಾಣಂತನ ಐತೆ. ಈಗ ಕೆಲಸ ಕಳೀಬ್ಯಾಡ್ರಿ.”

ಅವನ ಕೀ ಕಿತ್ತುಕೊಂಡರು. ಮರುದಿನವೂ ಯಂತ್ರ ಬೆಚ್ಚಗೇ ಇತ್ತು. ನಕಲಿ ಕೀ ಮಾಡಿಸಿದ್ದಾನೆ ಎಂದರು. ಲ್ಯಾಬಿನ ಕ್ಯಾಮೆರಾದಲ್ಲಿ ಬೀಗ ಹಾಕಿದ ಮೇಲಿನದನ್ನೆಲ್ಲ ಕುಳಿತು ನೋಡಿದರು. ಕಿಟಕಿಯಿಲ್ಲದ, ದೀಪ ಆರಿದ ಕೋಣೆಯಲ್ಲಿ ಬರೀ ಕತ್ತಲು. ಕತ್ತಲಲ್ಲೇ ಬಂದಿದ್ದಾನೆ ಎಂದರು. ಒಮ್ಮೆ ಮನಸ್ಸು ಮಾಡಿದರೆ ಸಾಕ್ಷಿ ಇಲ್ಲದ್ದೂ ಅವರಿಗೆ ಸಾಕ್ಷಿಯೇ.

ಆ ಸಂಜೆ ಅವರ ಸಿಟ್ಟು ನೆತ್ತಿಗೇರಿತ್ತು. ಒಂದೊಂದಾಗಿ ಎಲ್ಲವನ್ನೂ ಮಾನಿಟರ್ ಸಮೇತ ಆರಿಸಿದರು. ಮೂಲೆಯ ಸರ್ವರ್ ಮಾತ್ರ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು, ಅದನ್ನು ಆರಿಸುವಂತಿಲ್ಲ. ಬಾಗಿಲ ಬಳಿ ಬಂದು ಒಂದನೇ ನಂಬರಿನ ಮುಂದೆ ನಿಂತರು. ಆಯುಧಪೂಜೆಯ ದಿನ ಗುಲ್ನಾಜ್ ಎರಡು ಮಾರು ಸೇವಂತಿಗೆ ತಂದಿದ್ದಳು. ಸಹನಾ ಈ ಯಂತ್ರಕ್ಕೆ ಕುಂಕುಮ ಇಟ್ಟಿದ್ದಳು. ಹೂವು ಬಾಡಿದರೂ ಕುಂಕುಮ ಮಾಸಲು ಅವಳು ಬಿಟ್ಟಿರಲಿಲ್ಲ, ಸೋಮವಾರ ಬಂದರೆ ಹೊಸದಾಗಿ ಹಚ್ಚುತ್ತಿದ್ದಳು. ಇಂಥ ಮಕ್ಕಳೂ ಇದ್ದಾರಲ್ಲ ಎಂದು ಶಿವಕುಮಾರಪ್ಪ ಸ್ಟಾಫ್ ರೂಮಿನಲ್ಲೂ ಹೇಳಿಕೊಂಡಿದ್ದರು. ದಿನದ ರೂಢಿಯಂತೆ ಕುಂಕುಮ ಮುಟ್ಟಿ ಕಣ್ಣಿಗೊತ್ತಿಕೊಂಡು, “ಕಳ್ಳನನ್ನ ನೀನೇ ತೋರಿಸ್ಬೇಕಪ್ಪ,” ಎಂದು ಬೇಡಿಕೊಂಡರು.

ಬೆಳಿಗ್ಗೆ ಒಂದನೇ ನಂಬರ್ ಬೆಚ್ಚಗಿತ್ತು. ಶಿವಕುಮಾರಪ್ಪ ದೂರಿನ ಪತ್ರ ಬರೆದು, ಹನುಮಂತಪ್ಪನನ್ನೂ ಕರೆದುಕೊಂಡು ನೇರ ವಿಭಾಗದ ಮುಖ್ಯಸ್ಥೆಯ ಕೋಣೆಗೆ ನಡೆದರು.

ಸರ್ವಮಂಗಳ ಮೇಡಂ ಆ ಪತ್ರವನ್ನು ಪೂರ್ತಿ ಓದಿದರು. ಯಂತ್ರ ಆನ್ ಮಾಡಿದವರಿಂದ ಕೀ ವಾಪಸ್ ಪಡೆದು, ಅವರನ್ನು ಲ್ಯಾಬಿನ ಹೊಸ್ತಿಲು ತುಳಿಯಲು ಬಿಡಬಾರದು ಎಂದಿತ್ತು.

“ಯಾರೇ ಆದ್ರೂ?”

“ಯಾರೇ ಆದ್ರೂ ಮೇಡಂ. ನನ್ನ ಮಗನೇ ಆಗಿದ್ರೂ ಇದೇ ಮಾತು.”

ಗೋಡೆಗೊರಗಿ ನಿಂತಿದ್ದ ಹನುಮಂತಪ್ಪ ಟವಲಿನಿಂದ ಕಣ್ಣು ಒರೆಸಿಕೊಂಡ. ಆಗ ಗುಲ್ನಾಜ್ ಕೇಳದೆಯೇ ಒಳಗೆ ಬಂದಳು, ಹಿಂದೆ ಸಹನಾ.

“ಮೇಡಂ, ಅವ್ರನ್ನ ಬಿಡ್ರಿ. ಅವ್ರದೇನೂ ತಪ್ಪಿಲ್ಲ. ಕ್ಯಾಮೆರಾದಾಗೆ ಕತ್ತಲಾದ ಮೇಲಿಂದು ನೋಡಿದ್ರೆ ಏನ್ ಕಾಣ್ತೈತೆ? ಲೈಟ್ ಆರಿಸೋಕೆ ಮುಂಚಿಂದು ನೋಡ್ರಿ.”

ಇನ್ನೂ ಎರಡು ನಕ್ಷೆ ಬಾಕಿ ಇದ್ದವು. ಈ ಮಾತಿನಿಂದ ಸಂಜೆಯ ಕೆಲಸಕ್ಕೆ ಕಲ್ಲು ಬಿತ್ತೆಂದು ಅವಳಿಗೆ ಗೊತ್ತಿತ್ತು. ಆದರೂ ಒಬ್ಬರ ಅನ್ನ ಕಸಿದು ನಕ್ಷೆ ಬರೆಯುವ ಮನಸ್ಸು ಅವಳಿಗಿರಲಿಲ್ಲ.

ಮೇಡಂ ಹಿಂದಿನ ಸಂಜೆಯ ದೃಶ್ಯ ಹಾಕಿದರು. ಐದಕ್ಕೆ ಎರಡು ನಿಮಿಷ. ಶಿವಕುಮಾರಪ್ಪ ಕುರ್ಚಿಯ ತುದಿಗೆ ಸರಿದರು.

“ಈಗ ಬರ್ತಾನೆ ನೋಡ್ರಿ ಮೇಡಂ. ಸಿಕ್ಕ.”

ಪರದೆಯಲ್ಲಿ ಇದ್ದದ್ದು ಒಬ್ಬರೇ. ಅವರು ಎಲ್ಲ ಯಂತ್ರ ಆರಿಸಿ ಒಂದನೇ ನಂಬರಿನ ಮುಂದೆ ಬಾಗಿದರು, ಕಣ್ಣು ಮುಚ್ಚಿದರು, ಸಹನಾ ಇಟ್ಟ ಕುಂಕುಮವನ್ನು ಬೆರಳಿನಿಂದ ಭಕ್ತಿಯಿಂದ ಒತ್ತಿ, ಆ ಬೆರಳನ್ನು ಕಣ್ಣಿಗೆ ತಂದುಕೊಂಡು ದೀಪ ಆರಿಸಿದರು.

ಸಹನಾ ಕುಂಕುಮ ಇಟ್ಟದ್ದು ಪವರ್ ಬಟನ್ನಿನ ಮೇಲೆ.