ಷಡಕ್ಷರಪ್ಪನವರ ಕಂಠ

ಸತ್ತು ವರ್ಷ ತುಂಬಿದ ಷಡಕ್ಷರಪ್ಪನವರು ಬೆಳ್ಳಂಬೆಳಗ್ಗೆ ಗಂಡಸಿ ಊರಿನ ಬೀದಿಯಲ್ಲಿ ಓಟು ಕೇಳುತ್ತಾ ಬಂದರು. ಆಟೋದ ಮೇಲೆ ಕಟ್ಟಿದ ಮೈಕಿನಲ್ಲಿ ಅದೇ ಗಡಸು ಕಂಠ, ನಡುನಡುವೆ ಅದೇ ಕೆಮ್ಮು: "ತೆಂಗು ಬೆಳೆಗಾರರ ಸಂಘದ ಬಂಧುಗಳೇ, ನಾನು ಷಡಕ್ಷರಪ್ಪ. ಈ ಸಲ ಅಧ್ಯಕ್ಷನಾಗಿ ನನ್ನ ಮಗ ರಾಜಶೇಖರನನ್ನೇ ಆರಿಸಿ. ನನ್ನ ಧರ್ಮಪತ್ನಿ ಗುರುಸಿದ್ದಮ್ಮನ ಆಸೆಯೂ ಇದೇ." ಅಂಗಳದಲ್ಲಿ ಕೊಬ್ಬರಿ ಹರವುತ್ತಿದ್ದ ಗುರುಸಿದ್ದಮ್ಮ ತಲೆಯೆತ್ತಿದಳು. ಹಾಳು ಜೀವ, ಒಂದು ಗಳಿಗೆ ಗಂಡನೇ ಬಂದರೆಂದು ಎದ್ದು ನಿಂತುಬಿಟ್ಟಿತು.

"ಹೆದ್ರಬ್ಯಾಡ ಕಣವ್ವ," ಎಂದ ಬಾಗಿಲಲ್ಲಿ ನಿಂತಿದ್ದ ರಾಜಶೇಖರ. "ಕಂಪ್ಯೂಟರ್ ಮಾಡಿದ್ದು. ಅಪ್ಪಾಜಿ ಭಾಷಣದ ಹಳೇ ವಿಡಿಯೋ ಇದ್ವಲ್ಲ, ಅದ್ರಿಂದ ಧ್ವನಿ ಎತ್ತಿ ನಾವು ಬರೆದಿದ್ದನ್ನ ಹೇಳಿಸೋದು. ಈಗ ಎಲ್ಲಾ ಕಡೇನೂ ಮಾಡ್ತಾರೆ."

"ಸತ್ತೋರ ಬಾಯಲ್ಲಿ ಸುಳ್ಳು ಹೇಳಿಸ್ತೀಯಲ್ಲೋ. ಏಕಾಂತಯ್ಯನೋರಿಗೆ ಮಠದ ಗದ್ದುಗೆ ಮುಟ್ಟಿ ಮಾತು ಕೊಟ್ಟಿದ್ರು ಅವ್ರು."

"ಇದ್ದಿದ್ರೆ ಮಗನ್ನ ಬಿಟ್ಟುಕೊಡ್ತಿದ್ರಾ? ವಿಜ್ಞಾನ ಎಲ್ಲಿಗೋ ಹೋಗೈತೆ, ನೀನಿನ್ನೂ ಗದ್ದುಗೆ ಹತ್ರಾನೇ ಕುಂತಿದ್ದೀಯ."

ಹೋದ ಚುನಾವಣೆಯಲ್ಲಿ ಗೆಳೆಯ ಏಕಾಂತಯ್ಯನವರು ತಾವು ನಿಲ್ಲದೆ ಷಡಕ್ಷರಪ್ಪನವರಿಗೆ ದಾರಿ ಬಿಟ್ಟಿದ್ದರು. ಮುಂದಿನ ಸಲ ನಿನಗೇ ಎಂದು ಇವರು ಆಣೆ ಮಾಡಿದ್ದರು. ತೋಟ, ಮಂಡಿ ಏನಿದ್ದರೇನು, ಷಡಕ್ಷರಪ್ಪ ಆಡಿದ ಮಾತಿಗೆ ತಪ್ಪಿದವನಲ್ಲ ಎಂಬ ಹೆಸರೊಂದೇ ಗುರುಸಿದ್ದಮ್ಮನ ಪಾಲಿಗೆ ಆಸ್ತಿ. ಅದನ್ನು ಹೊಟ್ಟೆಯಲ್ಲಿ ಹುಟ್ಟಿದವನೇ ಬೀದಿಗೆ ತಂದನಲ್ಲ, ಇವನಿಗೇನು ಬಂತು ರೋಗ?

ಮಧ್ಯಾಹ್ನ ಏಕಾಂತಯ್ಯನವರೇ ಬಂದರು. ಜಗಲಿ ಹತ್ತಲಿಲ್ಲ. "ಸಾಯೋ ಮುಂಚೆ ಅಣ್ಣ ಇದನ್ನ ರೆಕಾರ್ಡ್ ಮಾಡಿ ಇಟ್ಟಿದ್ರಾ ಅತ್ತಿಗೆ? ಅಷ್ಟು ಹೇಳಿ, ಸಾಕು."

ರಾಜಶೇಖರ ಒಳಗಿನಿಂದ ಕಣ್ಣಲ್ಲೇ ಬೇಡವೆಂದ. ನಿಜ ಹೇಳಿದರೆ ಮಗ ಸೋಲುತ್ತಾನೆ. ಸೋಲಲಿ. ಗುರುಸಿದ್ದಮ್ಮ ಅವನಿಗೆ ಬೆನ್ನು ಹಾಕಿ ನಿಂತಳು.

"ಅದು ಅವ್ರಲ್ಲ. ಯಂತ್ರ ಮಾಡಿದ್ದು. ನನ್ನ ಹೆಸರು ಹಿಡಿದು ಹೇಳ್ತಲ್ಲ, ಕೇಳಿದ್ರಲ್ಲ ನೀವು. ಬದುಕಿರೋವರ್ಗೂ ಅವ್ರು ಒಂದಿನಾನಾದ್ರೂ ನನ್ನ ಹೆಸರೆತ್ತಿದ್ದುಂಟಾ? ಕರೆದ್ರೆ 'ಏನೇ', ಹೊರಗಿನೋರ ಹತ್ರ 'ನಮ್ಮ ಮನೇಲಿ'. ಅಷ್ಟೇಯ."

ಏಕಾಂತಯ್ಯನವರು ಅವಳ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ಯಂತ್ರಕ್ಕೆ ಆ ಕೆಮ್ಮು ಎಲ್ಲಿಂದ ಬಂತು ಅತ್ತಿಗೆ? ಜತೇಲಿ ಬೆಳೆದೋನು ನಾನು, ಅಣ್ಣನ ಗಂಟಲು ನಂಗೊತ್ತಾಗಲ್ವಾ? ಗಂಡನ ಮಾನ ಉಳಿಸೋಕೆ ಹೇಳ್ತಿದ್ದೀರ, ತಪ್ಪಿಲ್ಲ. ಕೊನೇ ಕಾಲಕ್ಕೆ ಮಗನ ಮ್ಯಾಲೆ ಮೋಹ ಬಂತು, ಬರ್ಲಿ. ಗದ್ದುಗೆ ಮುಟ್ಟಬಾರದಾಗಿತ್ತು ಅವ್ರು." ಹೊರಟವರು ಗೇಟಿನ ಹತ್ತಿರ ನಿಂತು, "ಪ್ರತಿ ಸೋಮವಾರ ಅಣ್ಣನ ಸಮಾಧಿಗೆ ಪತ್ರೆ ಇಡೋಕೆ ಇನ್ನು ನಾನು ಬರಲ್ಲ," ಎಂದರು.

ರಾಜಶೇಖರ ಹೊರಗೆ ಬಂದ. ಅವನ ಮುಖ ಅರಳಿತ್ತು. "ನೋಡಿದ್ಯೇನವ್ವ, ಏಕಾಂತಯ್ಯನೋರಿಗೇ ಗೊತ್ತಾಗ್ಲಿಲ್ಲ. ಅಷ್ಟು ಚೆನ್ನಾಗಿ ಬಂದೈತೆ. ಎಲ್ಲಿ, ನೀನೂ ನಾಕು ಮಾತಾಡು, ನಿನ್ನ ಧ್ವನೀನೂ ಎತ್ಕೊಳ್ತೀನಿ," ಎಂದು ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದ.

ಗಂಡ ಸತ್ತ ದಿನ ಬಂದದ್ದಕ್ಕಿಂತ ಹೆಚ್ಚಿನ ಅಳು ಉಕ್ಕಿ ಬಂತು ಗುರುಸಿದ್ದಮ್ಮನಿಗೆ. ಅದರ ಸದ್ದು ಫೋನಿಗೆ ಸಿಕ್ಕೀತೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು.